ಆಪತ್ತಿಗಾಗುವ ನೆಂಟನಿಗೆ ಬಲವೆಷ್ಟು?
ವಿಮಾ ಕಂಪನಿಗಳ ಆತ್ಮಪರೀಕ್ಷೆ: ನಮ್ಮ ಯುವಜನರಿಗೊಂದು ಪರಿಚಯ



‘ಆಪತ್ತಿಗಾದವನೇ ನೆಂಟ’ ಎಂಬ ಗಾದೆಯನ್ನು ನೀವು ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರುತ್ತೀರಿ. ಊರು ಬಿಟ್ಟು ನಾಸಿಕಕ್ಕೋ ಔರಂಗಾಬಾದಿಗೋ ಬಂದು ನೆಲೆಸಿದ ನಮ್ಮ ಹಿರಿಯರಿಗೆ ಈ ಗಾದೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಓಝರಿನ ಎಚ್.ಎ.ಎಲ್. ಕಾರ್ಖಾನೆಗೆ, ನಾಸಿಕ್ ರೋಡಿನ ಸರ್ಕಾರಿ ಮುದ್ರಣಾಲಯಗಳಿಗೆ, ವಾಳೂಜಿನ ಉದ್ಯಮಗಳಿಗೆ, ಉಡುಪಿ ಹೋಟೆಲುಗಳಿಗೆ ಕೆಲಸ ಹುಡುಕಿಕೊಂಡು ಬಂದವರಿಗೆ ನಿಜವಾದ ನೆಂಟರು ಇದ್ದದ್ದು ನೂರಾರು ಮೈಲಿ ಆಚೆಗೆ. ಹಾಗಾಗಿ ಕೆಲಸ ಕಾಯಂ ಆದ ಕೂಡಲೆ ಅವರಲ್ಲಿ ಬಹಳ ಮಂದಿ ಒಂದು ವಿಮಾ ಪಾಲಿಸಿ ಮಾಡಿಸಿದರು. ಆಪತ್ತಿಗಾಗುವ ನೆಂಟನನ್ನು ಕಂತು ಕಟ್ಟಿ ಗೊತ್ತುಮಾಡಿಕೊಂಡಂತೆ ಅದು.

ಈಗ ಆ ಸರದಿ ನಿಮ್ಮದು. ಮೊದಲ ಸಂಬಳ ಕೈಗೆ ಬಂದ ವಾರವೇ ಯಾರಾದರೊಬ್ಬರು ಫಾರ್ಮು ಹಿಡಿದುಕೊಂಡು ಬರುತ್ತಾರೆ. ಕಂತು ಎಷ್ಟು, ಎಷ್ಟು ವರ್ಷ, ತೆರಿಗೆ ಎಷ್ಟು ಉಳಿಯುತ್ತದೆ ಎಂದು ನೀವು ಕೇಳುತ್ತೀರಿ. ಆದರೆ ‘ನಾಳೆ ನನ್ನ ಮನೆಯವರು ಕೇಳಿದಾಗ ಈ ಕಂಪನಿಯ ಹತ್ತಿರ ಕೊಡಲು ಹಣ ಇರುತ್ತದೆಯೆ?’ ಎಂದು ಕೇಳುವವರು ವಿರಳ. ಆ ಒಂದು ಪ್ರಶ್ನೆಯ ಸುತ್ತಲೇ ಈ ಲೇಖನ.

ಮಾತು ಇಂದು, ಹಣ ನಾಳೆ

ಮರಾಠಿಯಲ್ಲಿ ನೀವು ‘ವಿಮಾ’ ಎನ್ನುವುದೇ ನಮ್ಮ ‘ವಿಮೆ’. ಎರಡೂ ಪಾರಸಿಯ ‘ಬೀಮಾ’ ಎಂಬ ಶಬ್ದದಿಂದ ಬಂದವು. ಮಿಕ್ಕ ವ್ಯಾಪಾರಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಂಗಡಿಯಲ್ಲಿ ಹಣ ಕೊಟ್ಟರೆ ಸಾಮಾನು ಆಗಲೇ ಕೈಗೆ ಬರುತ್ತದೆ. ವಿಮೆಯಲ್ಲಿ ನೀವು ಇಂದು ಹಣ ಕೊಡುತ್ತೀರಿ, ಕಂಪನಿ ಒಂದು ಮಾತು ಕೊಡುತ್ತದೆ. ಆ ಮಾತು ನಡೆಯಬೇಕಾದದ್ದು ಹತ್ತು ವರ್ಷಕ್ಕೋ ಮೂವತ್ತು ವರ್ಷಕ್ಕೋ. ಆ ಹೊತ್ತಿಗೆ ಪಾಲಿಸಿ ಮಾಡಿಸಿದವರೇ ಇಲ್ಲದಿರಬಹುದು.

ನಿಮ್ಮ ಅಮ್ಮಂದಿರ ಭಿಶಿಯನ್ನೇ ನೋಡಿ. ಹನ್ನೆರಡು ಮಂದಿ ತಿಂಗಳಿಗೆ ಇಷ್ಟೆಂದು ಹಾಕುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ತಿಂಗಳು ಗಂಟು ಸಿಗುತ್ತದೆ. ಯಾರಿಗೆ ಯಾವಾಗ ಎಂಬುದು ಗೊತ್ತಿರುವುದರಿಂದ ಲೆಕ್ಕ ಸುಲಭ. ಒಂದೇ ತಿಂಗಳಲ್ಲಿ ಹನ್ನೆರಡೂ ಮಂದಿ ‘ನನಗೆ ಈಗಲೇ ಬೇಕು’ ಎಂದರೆ ಏನಾದೀತು? ವಿಮಾ ಕಂಪನಿಗೆ ಆ ಭಯ ಸದಾ ಇರುತ್ತದೆ, ಏಕೆಂದರೆ ಅಲ್ಲಿ ಸರದಿ ನಿಶ್ಚಯಿಸುವುದು ಆಪತ್ತು. ಆಪತ್ತು ಚೀಟಿ ಎತ್ತಿ ಬರುವುದಿಲ್ಲ.

ಕೊಟ್ಟ ಮಾತನ್ನೆಲ್ಲ ತೀರಿಸುವ ಈ ಶಕ್ತಿಗೆ ‘ಸಾಲ್ವೆನ್ಸಿ’ ಎನ್ನುತ್ತಾರೆ. ಕನ್ನಡದಲ್ಲಿ ‘ಋಣ ತೀರಿಸುವ ಸಾಮರ್ಥ್ಯ’ ಎನ್ನಬಹುದು. ನಮ್ಮಲ್ಲಿ ಋಣ ಎಂದರೆ ಬರಿಯ ಸಾಲವಲ್ಲ, ಹೊತ್ತ ಹೊಣೆಯೂ ಹೌದು. ಆದ್ದರಿಂದ ಈ ಹೆಸರು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಮಾತು ತಪ್ಪಿದ ಕಂಪನಿಗಳು

ಭಾರತದಲ್ಲಿ ಮೊದಲ ಜೀವವಿಮಾ ಕಂಪನಿ ಹುಟ್ಟಿದ್ದು 1818ರಲ್ಲಿ, ಕಲ್ಕತ್ತೆಯಲ್ಲಿ. ಓರಿಯೆಂಟಲ್ ಎಂಬ ಆ ಕಂಪನಿ 1834ರಲ್ಲಿ ಮುಳುಗಿತು. ಮುಂದೆ ಕಂಪನಿಗಳು ಬಂದವು, ಹೋದವು. ಕಂತಿನ ಪಟ್ಟಿಯನ್ನು ಆಕ್ಚುಯರಿ, ಅಂದರೆ ವಿಮಾಗಣಿತಜ್ಞ, ಪರಿಶೀಲಿಸಿ ಸಹಿ ಹಾಕಬೇಕು, ಆಗಾಗ್ಗೆ ಕಂಪನಿಯ ಹೊಣೆಗಳ ಮೌಲ್ಯಮಾಪನ ನಡೆಯಬೇಕು ಎಂಬ ಕಾನೂನು ಬಂದದ್ದು 1912ರಲ್ಲಿ. ಅದಕ್ಕೂ ಮುಂಚೆ, 1891ರಲ್ಲಿಯೇ, ನಮ್ಮ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಸರ್ಕಾರಿ ವಿಮೆಯನ್ನು ಆರಂಭಿಸಿತ್ತೆಂಬುದು ನಮಗೆ ಹೆಮ್ಮೆಯ ಸಂಗತಿ. ಅದೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ.

1938ರ ವಿಮಾ ಕಾಯಿದೆ ಇನ್ನಷ್ಟು ಬಿಗಿಯಾಗಿತ್ತು. ಆದರೂ ಪಾಲಿಸಿದಾರರ ಹಣ ಮಾಲೀಕರ ಇತರ ವ್ಯವಹಾರಗಳಿಗೆ ಹರಿಯುವುದು ನಿಲ್ಲಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. 1956ರ ಜನವರಿ 19ರಂದು ಹಣಕಾಸು ಮಂತ್ರಿ ಸಿ.ಡಿ. ದೇಶಮುಖರು ಜೀವವಿಮೆಯ ರಾಷ್ಟ್ರೀಕರಣವನ್ನು ಸಾರಿದರು. ಹಿಂದಿನ ಹತ್ತು ವರ್ಷಗಳಲ್ಲಿ 25 ಕಂಪನಿಗಳು ದಿವಾಳಿಯೆದ್ದಿವೆ, ಇನ್ನೂ 25 ಕಂಪನಿಗಳು ಹಣ ಕಳೆದುಕೊಂಡು ತಮ್ಮ ವ್ಯವಹಾರವನ್ನು ಪಾಲಿಸಿದಾರರಿಗೆ ನಷ್ಟವಾಗುವಂತೆ ಬೇರೆಯವರಿಗೆ ಒಪ್ಪಿಸಿವೆ ಎಂದು ಅವರು ದೇಶಕ್ಕೆ ತಿಳಿಸಿದರು. ಅದೇ ವರ್ಷ ಸೆಪ್ಟೆಂಬರ್ 1ರಂದು 245 ಸಂಸ್ಥೆಗಳನ್ನು ಕೂಡಿಸಿ ಭಾರತೀಯ ಜೀವ ವಿಮಾ ನಿಗಮ ಹುಟ್ಟಿತು.

ಎರಡು ತಿಂಗಳ ನಂತರ, ನವೆಂಬರ್ 1ರಂದು, ಭಾಷಾವಾರು ರಾಜ್ಯಗಳು ರಚನೆಯಾದವು. ಅಲ್ಲಿಯವರೆಗೆ ನಾಸಿಕ ಮತ್ತು ಧಾರವಾಡ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಔರಂಗಾಬಾದ್ ಮತ್ತು ಕಲಬುರ್ಗಿ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಗಡಿ ಬದಲಾಯಿತು, ಆದರೆ ಧಾರವಾಡದಲ್ಲಿ ಮಾಡಿಸಿದ ಪಾಲಿಸಿ ನಾಸಿಕದಲ್ಲೂ ನಡೆಯಿತು. ನಿಗಮದ ಪಾಲಿಸಿಗಳ ವಿಮಾ ಮೊತ್ತಕ್ಕೆ 1956ರ ಕಾಯಿದೆಯ 37ನೇ ಕಲಮಿನಂತೆ ಕೇಂದ್ರ ಸರ್ಕಾರದ ಖಾತರಿಯಿದೆ. ಆದುದರಿಂದಲೇ ನಮ್ಮ ಹಿರಿಯರು ಸಾಲ್ವೆನ್ಸಿಯ ಪ್ರಶ್ನೆ ಕೇಳಲಿಲ್ಲ, ಕೇಳುವ ಅಗತ್ಯ ಅವರಿಗೆ ಬರಲಿಲ್ಲ. 2000ದಲ್ಲಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ನಿಮ್ಮ ಮುಂದೆ ಇಂದು ಹತ್ತಾರು ಹೆಸರುಗಳಿವೆ. ಅಪ್ಪ ಕೇಳದಿದ್ದ ಪ್ರಶ್ನೆಯನ್ನು ನೀವು ಕೇಳಲೇಬೇಕು.

ಒಂದೂವರೆಯ ಲೆಕ್ಕ

ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ಹೀಗಿದೆ: ಕಂಪನಿಯ ಹೊಣೆಗಳನ್ನೆಲ್ಲ ಕಳೆದ ಮೇಲೆ ಉಳಿಯುವ ಆಸ್ತಿ, ಕಾನೂನು ಗೊತ್ತುಮಾಡಿದ ಅಗತ್ಯ ಮೊತ್ತದ ಕನಿಷ್ಠ ಒಂದೂವರೆ ಪಟ್ಟು ಇರಬೇಕು. ಇದನ್ನೇ 1.5 ಸಾಲ್ವೆನ್ಸಿ ಅನುಪಾತ ಎನ್ನುತ್ತಾರೆ.

ಅಗತ್ಯ ಮೊತ್ತವನ್ನು ಗೊತ್ತುಮಾಡುವುದು ಹೇಗೆ? ವಾಹನ, ಬೆಂಕಿ ಮುಂತಾದ ಸಾಮಾನ್ಯ ವಿಮೆಯಲ್ಲಿ ಸ್ಥೂಲವಾಗಿ ವರ್ಷದ ಕಂತಿನ ಶೇಕಡಾ 20 ಅಥವಾ ಕ್ಲೇಮುಗಳ ಶೇಕಡಾ 30, ಇವೆರಡರಲ್ಲಿ ಯಾವುದು ಹೆಚ್ಚೋ ಅದು. 100 ಕೋಟಿ ರೂಪಾಯಿ ಕಂತು ಬರುವ ಕಂಪನಿಗೆ ಕಂತಿನ ಲೆಕ್ಕದಲ್ಲಿ 20 ಕೋಟಿ ಬೇಕು. ಅದರ ಒಂದೂವರೆ ಪಟ್ಟು ಎಂದರೆ 30 ಕೋಟಿ. ಅಷ್ಟು ಹಣ ಹೊಣೆಗಳಿಂದ ಮುಕ್ತವಾಗಿ ಇರಬೇಕು. ಜೀವವಿಮೆಯ ಲೆಕ್ಕದ ಸೂತ್ರ ಬೇರೆ, ತತ್ವ ಅದೇ.

2025ರ ಮಾರ್ಚ್ ಕೊನೆಯಲ್ಲಿ ಜೀವ ವಿಮಾ ನಿಗಮದ ಅನುಪಾತ 2.11 ಇತ್ತು. ಇನ್ನೊಂದು ಕಡೆ ಸರ್ಕಾರದ್ದೇ ಆದ ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ಮೂರು ಸಾಮಾನ್ಯ ವಿಮಾ ಕಂಪನಿಗಳು ಹಲವು ವರ್ಷಗಳ ಲೆಕ್ಕದಲ್ಲಿ 1.5ಕ್ಕಿಂತ ಕೆಳಗಿದ್ದವು. ಅವನ್ನು ಎತ್ತಿ ಹಿಡಿಯಲು ಕೇಂದ್ರ ಸರ್ಕಾರ 2019–20ರಿಂದ ಮೂರು ವರ್ಷಗಳಲ್ಲಿ 17,450 ಕೋಟಿ ರೂಪಾಯಿ ಹಾಕಬೇಕಾಯಿತು. ಆ ಹಣ ನಮ್ಮ ನಿಮ್ಮ ತೆರಿಗೆಯದು. ಕಂಪನಿ ತನ್ನ ಬಲವನ್ನು ಸಕಾಲದಲ್ಲಿ ಅಳೆಯದಿದ್ದರೆ ಬೆಲೆ ತೆರುವವರು ಪಾಲಿಸಿದಾರರು ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಒಂದು ನದಿ, ಎರಡು ಊರು

ಹಾಗಾದರೆ 1.5 ಇದ್ದರೆ ನಿಶ್ಚಿಂತೆಯೆ? ಇಲ್ಲ. ಏಕೆಂದು ತಿಳಿಯಲು ನಮ್ಮ ಗೋದಾವರಿಯನ್ನೇ ನೋಡೋಣ.

ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟುವ ಗೋದಾವರಿ, ಗಂಗಾಪುರ ಅಣೆಕಟ್ಟು ದಾಟಿ, ನಾಸಿಕದ ರಾಮಕುಂಡವನ್ನು ಹಾದು, ಪೈಠಣದ ಜಾಯಕವಾಡಿ ಜಲಾಶಯ ಸೇರುತ್ತಾಳೆ. 2023ರಿಂದ ಛತ್ರಪತಿ ಸಂಭಾಜಿನಗರ ಎನಿಸಿಕೊಂಡಿರುವ ಔರಂಗಾಬಾದ್ ಕುಡಿಯುವುದು ಆ ಜಲಾಶಯದ ನೀರನ್ನೇ. ನಾಸಿಕದ ಘಟ್ಟದಲ್ಲಿ ಮಳೆ ಕೈಕೊಟ್ಟರೆ ಜಾಯಕವಾಡಿ ಬರಿದಾಗುತ್ತದೆ. ಅಲ್ಲಿ ಅತಿಯಾದರೆ ಇಲ್ಲಿ ಬಾಗಿಲು ತೆರೆಯಬೇಕಾಗುತ್ತದೆ, ಕೆಳಗಿನ ಊರುಗಳು ನೀರಲ್ಲಿ ನಿಲ್ಲುತ್ತವೆ.

ಈಗ ಎರಡು ಕಂಪನಿಗಳನ್ನು ಊಹಿಸಿಕೊಳ್ಳಿ. ಮೊದಲನೆಯದು ದೇಶದ ತುಂಬ ಹರಡಿದ ಒಂದು ಲಕ್ಷ ಸ್ಕೂಟರುಗಳಿಗೆ ವಿಮೆ ಕೊಟ್ಟಿದೆ. ಒಬ್ಬರು ಸಿಡ್ಕೋದಲ್ಲಿ ಬಿದ್ದರೆಂದು ಇನ್ನೊಬ್ಬರು ಹುಬ್ಬಳ್ಳಿಯಲ್ಲಿ ಬೀಳುವುದಿಲ್ಲ. ವರ್ಷಕ್ಕೆ ಎಷ್ಟು ಅಪಘಾತಗಳಾದಾವು ಎಂಬುದನ್ನು ಸುಮಾರಾಗಿ ಮೊದಲೇ ಹೇಳಬಹುದು. ಎರಡನೆಯದು ಅಷ್ಟೇ ಕಂತು ಪಡೆದು ಗೋದಾವರಿ ಕಣಿವೆಯ ಹೊಲ, ತೋಟ, ಗೋದಾಮುಗಳಿಗೆ ಮಾತ್ರ ವಿಮೆ ಕೊಟ್ಟಿದೆ. ಒಂಬತ್ತು ವರ್ಷ ಲಾಭವೇ ಲಾಭ. ಹತ್ತನೆಯ ವರ್ಷ ಒಂದೇ ವಾರದಲ್ಲಿ ಎಲ್ಲರೂ ಬಾಗಿಲು ತಟ್ಟುತ್ತಾರೆ. ಕಂತನ್ನು ಮಾತ್ರ ಎಣಿಸುವ ಸೂತ್ರಕ್ಕೆ ಈ ಎರಡು ಕಂಪನಿಗಳ ನಡುವಿನ ಅಂತರ ಪೂರ್ತಿ ಕಾಣುವುದಿಲ್ಲ.

ಇದು ಊಹೆಯ ಮಾತಲ್ಲ. 2014ರ ಫೆಬ್ರವರಿ–ಮಾರ್ಚ್‌ನ ಆಲಿಕಲ್ಲು ಮಳೆ ನಾಸಿಕದ ದ್ರಾಕ್ಷಿ, ಈರುಳ್ಳಿಯಿಂದ ಹಿಡಿದು ಮರಾಠವಾಡದ ಹಿಂಗಾರು ಬೆಳೆಯವರೆಗೆ ಒಟ್ಟಿಗೇ ಬಡಿಯಿತು. 2015–16ರ ಬರ ಇಡೀ ಮರಾಠವಾಡವನ್ನು ಒಣಗಿಸಿತು, ಲಾತೂರಿಗೆ ರೈಲಿನಲ್ಲಿ ನೀರು ತರಬೇಕಾಯಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಸುತ್ತಮುತ್ತ ಭೂಮಿ ನಡುಗಿ ಸಾವಿರಾರು ಜನ ಸತ್ತರು. ಭೂಕಂಪದ ಭಯ ಅತ್ಯಂತ ಕಡಿಮೆಯೆಂದು ನಕ್ಷೆಯಲ್ಲಿ ಗುರುತಿಸಿದ್ದ ಪ್ರದೇಶ ಅದು. ‘ಇಲ್ಲಿ ಹಾಗೆಲ್ಲ ಆಗುವುದಿಲ್ಲ’ ಎಂಬ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಕಿಲ್ಲಾರಿ ತೋರಿಸಿತು.

ಕನ್ನಡಿಗರು ನೆನೆಯಬೇಕಾದ ಇನ್ನೊಂದು ವಿಷಯವಿದೆ. ಮೈಸೂರು ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿಯವರು 1920ರಲ್ಲಿಯೇ ರೈತರ ವಿಮೆಯ ಬಗ್ಗೆ ಒಂದು ಪುಸ್ತಕ ಬರೆದರು. ಒಬ್ಬೊಬ್ಬ ರೈತನ ಹೊಲಕ್ಕೆ ಹೋಗಿ ನಷ್ಟ ಅಳೆಯುವ ಬದಲು, ಆ ಪ್ರದೇಶದ ಮಳೆಯ ಅಳತೆಯನ್ನು ನೋಡಿ ಪರಿಹಾರ ಕೊಡಬೇಕೆಂಬುದು ಅವರ ಯೋಜನೆ. ಒಂದು ಸೀಮೆಯ ರೈತರೆಲ್ಲರ ಆಪತ್ತು ಒಂದೇ ಮೋಡಕ್ಕೆ ಕಟ್ಟಿದೆ ಎಂಬುದನ್ನು ಅವರು ನೂರು ವರ್ಷದ ಹಿಂದೆಯೇ ಕಂಡಿದ್ದರು. ನಾಸಿಕದ ದ್ರಾಕ್ಷಿ ಬೆಳೆಗಾರರು ಇಂದು ಮಾಡಿಸುವ ಹವಾಮಾನ ಆಧಾರಿತ ವಿಮೆಯ ಹಿಂದೆ ಇರುವುದೂ ಇದೇ ವಿಚಾರ.

ತನ್ನನ್ನು ತಾನೇ ಕೇಳುವ ಪ್ರಶ್ನೆ

ಸೂತ್ರಕ್ಕೆ ಕಾಣದ್ದನ್ನು ಕಾಣಿಸುವುದಕ್ಕಾಗಿ ಬಂದದ್ದೇ ‘ಓನ್ ರಿಸ್ಕ್ ಅಂಡ್ ಸಾಲ್ವೆನ್ಸಿ ಅಸೆಸ್‌ಮೆಂಟ್’. ಚಿಕ್ಕದಾಗಿ ‘ಓರ್ಸಾ’ ಎನ್ನುತ್ತಾರೆ. ತನ್ನ ಅಪಾಯವನ್ನೂ ಋಣ ತೀರಿಸುವ ಸಾಮರ್ಥ್ಯವನ್ನೂ ಕಂಪನಿ ತಾನೇ ಅಳೆದುಕೊಳ್ಳುವ ಕಡ್ಡಾಯ ಪರೀಕ್ಷೆ ಇದು. ಯುರೋಪಿನ ಒಕ್ಕೂಟದಲ್ಲಿ ‘ಸಾಲ್ವೆನ್ಸಿ ಟೂ’ ಎಂಬ ಕಾನೂನಿನೊಂದಿಗೆ 2016ರ ಜನವರಿ 1ರಿಂದ ಜಾರಿಗೆ ಬಂತು. ಅಮೆರಿಕದಲ್ಲಿ ಇದರ ಮಾದರಿ ಕಾಯಿದೆ 2012ರಲ್ಲಿ ಸಿದ್ಧವಾಯಿತು, ದೊಡ್ಡ ಕಂಪನಿಗಳಿಗೆ ಅನ್ವಯಿಸುತ್ತದೆ.

ಅದಕ್ಕೆ ಕಾರಣಗಳೂ ಇದ್ದವು. ಇಂಗ್ಲೆಂಡಿನಲ್ಲಿ 1762ರಿಂದ ನಡೆದುಬಂದಿದ್ದ ‘ಈಕ್ವಿಟಬಲ್ ಲೈಫ್’ ಎಂಬ ಗೌರವಾನ್ವಿತ ಸಂಸ್ಥೆ, ಬಡ್ಡಿದರ ಹೆಚ್ಚಿದ್ದ ಕಾಲದಲ್ಲಿ ಕೊಟ್ಟಿದ್ದ ಪಿಂಚಣಿಯ ಭರವಸೆಗಳನ್ನು ಬಡ್ಡಿ ಇಳಿದ ಮೇಲೆ ಹೊರಲಾರದೆ, 2000ದ ಡಿಸೆಂಬರಿನಲ್ಲಿ ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸಿತು. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎ.ಐ.ಜಿ.ಯನ್ನು ಉಳಿಸಲು ಅಲ್ಲಿನ ಕೇಂದ್ರ ಬ್ಯಾಂಕು ಮೊದಲ ಕಂತಾಗಿಯೇ 8,500 ಕೋಟಿ ಡಾಲರು ಸಾಲ ಕೊಡಬೇಕಾಯಿತು.

ಓರ್ಸಾದಲ್ಲಿ ಕಂಪನಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕಠಿಣವಾದರೂ ಸರಳ. ನಾನು ಹೊತ್ತಿರುವ ಅಪಾಯಗಳು ಯಾವುವು? ಸೂತ್ರದಲ್ಲಿ ಇಲ್ಲದ, ನನಗೇ ವಿಶೇಷವಾದ ಅಪಾಯ ಯಾವುದು? ಕೆಟ್ಟ ವರ್ಷ ಬಂದರೆ ಎಷ್ಟು ಹಣ ಬೇಕು? ಎರಡು ಕೇಡು ಒಟ್ಟಿಗೆ ಬಂದರೆ? ಮುಂದಿನ ಮೂರು ವರ್ಷ ಹೀಗೆಯೇ ವ್ಯಾಪಾರ ಬೆಳೆಸಿದರೆ ಬಂಡವಾಳ ಸಾಕೆ? ಸಾಲದಿದ್ದರೆ ಕಂತು ಏರಿಸಬೇಕೆ, ಭಾರದ ಒಂದು ಭಾಗವನ್ನು ಮರುವಿಮೆಗೆ ದಾಟಿಸಬೇಕೆ, ಅಥವಾ ಆ ಪಾಲಿಸಿಯನ್ನೇ ನಿಲ್ಲಿಸಬೇಕೆ?

ಓಝರಿನಲ್ಲಿ ಕೆಲಸ ಮಾಡಿದ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತದೆ. ವಿಮಾನ ಆಕಾಶಕ್ಕೆ ಏರುವ ಮೊದಲು ನೆಲದ ಮೇಲೆಯೇ ಅದರ ಭಾಗಗಳ ಮೇಲೆ ಭಾರ ಹೇರಿ ನೋಡುತ್ತಾರೆ. ಓರ್ಸಾ ಕಾಗದದ ಮೇಲೆ ಮಾಡುವುದೂ ಅದನ್ನೇ. ವರ್ಷಕ್ಕೊಮ್ಮೆಯಾದರೂ ಮಾಡಬೇಕು, ಪರಿಸ್ಥಿತಿ ತೀರ ಬದಲಾದರೆ ಮಧ್ಯದಲ್ಲೂ ಮಾಡಬೇಕು. ಹೊಣೆ ನಿರ್ದೇಶಕ ಮಂಡಳಿಯದು. ಯಾರೋ ಗುಮಾಸ್ತರು ತುಂಬಿಟ್ಟ ಫಾರ್ಮಾಗಿ ಅದು ಕಪಾಟು ಸೇರಬಾರದು.

ನಮ್ಮ ದೇಶದಲ್ಲಿ ಕಂಪನಿಗಳಿಗೆ ಅಪಾಯ ನಿರ್ವಹಣಾ ಸಮಿತಿ ಕಡ್ಡಾಯವಾಗಿದೆ, ನೇಮಿತ ಆಕ್ಚುಯರಿ ಕಂಪನಿಯ ಆರ್ಥಿಕ ಸ್ಥಿತಿಯ ವರದಿ ಕೊಡಬೇಕು. ಎಲ್ಲರಿಗೂ ಒಂದೇ ಸೂತ್ರ ಎಂಬುದರಿಂದ, ಅಪಾಯಕ್ಕೆ ತಕ್ಕ ಬಂಡವಾಳ ಎಂಬ ಪದ್ಧತಿಯತ್ತ ಪ್ರಾಧಿಕಾರ ಹೆಜ್ಜೆ ಹಾಕುತ್ತಿದೆ.

ಅಳೆಯದವರು ಮತ್ತು ಅಳೆದವರು

ಅಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಥಾಯ್ಲೆಂಡ್ ಉದಾಹರಣೆ. ಕೊರೋನಾ ಕಾಲದಲ್ಲಿ ಅಲ್ಲಿನ ಕೆಲವು ಕಂಪನಿಗಳು ಕೆಲವೇ ನೂರು ಬಾತ್ ಕಂತಿಗೆ, ಸೋಂಕು ತಗುಲಿದ್ದು ಪರೀಕ್ಷೆಯಲ್ಲಿ ಕಂಡರೆ ಸಾಕು, 50,000 ಅಥವಾ 1,00,000 ಬಾತ್ ಇಡುಗಂಟು ಕೊಡುತ್ತೇವೆಂದು ಪಾಲಿಸಿ ಮಾರಿದವು. ಮೊದಲ ವರ್ಷ ಸೋಂಕು ಕಡಿಮೆಯಿತ್ತು, ಹಣ ಬಂತು. 2021ರಲ್ಲಿ ಅಲೆ ಎದ್ದಿತು. 2022ರ ಏಪ್ರಿಲ್ ವೇಳೆಗೆ ನಾಲ್ಕು ಕಂಪನಿಗಳು ಬಾಗಿಲು ಹಾಕಿದವು. ಅಂಟುರೋಗ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ಆದ್ದರಿಂದ ಕ್ಲೇಮುಗಳೂ ಹಾಗೆಯೇ ಬರುತ್ತವೆ ಎಂಬ ಸರಳ ಸಂಗತಿಯನ್ನು ಅವರು ತೂಗಿ ನೋಡಲಿಲ್ಲ.

ಅಳೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಬೀಡ್ ಜಿಲ್ಲೆ ಉದಾಹರಣೆ. ಪದೇ ಪದೇ ಬರ ಬೀಳುವ ಆ ಜಿಲ್ಲೆಗೆ 2020ರಲ್ಲಿ ಬೆಳೆವಿಮೆ ಕೊಡಲು ಕಂಪನಿಗಳೇ ಮುಂದೆ ಬರಲಿಲ್ಲ. ಕೊನೆಗೆ ಒಂದು ಹೊಸ ಒಪ್ಪಂದವಾಯಿತು. ಪರಿಹಾರ ಕಂತಿನ ಶೇಕಡಾ 110ರವರೆಗೆ ಇದ್ದರೆ ವಿಮಾ ಕಂಪನಿ ಕೊಡುವುದು, ಅದಕ್ಕೂ ಮೀರಿದ್ದನ್ನು ರಾಜ್ಯ ಸರ್ಕಾರ ಕೊಡುವುದು. ಒಳ್ಳೆಯ ವರ್ಷದಲ್ಲಿ ಕಂಪನಿ ಶೇಕಡಾ 20ರಷ್ಟು ಇಟ್ಟುಕೊಂಡು ಉಳಿದದ್ದನ್ನು ಸರ್ಕಾರಕ್ಕೆ ಮರಳಿಸುವುದು. ಸರ್ಕಾರಿ ಒಡೆತನದ ಕೃಷಿ ವಿಮಾ ಕಂಪನಿ ಇದಕ್ಕೆ ಒಪ್ಪಿತು. ಇದೇ ‘ಬೀಡ್ ಮಾದರಿ’ ಎಂದು ಹೆಸರಾಯಿತು.

ಇಲ್ಲಿ ನಾವು ಯೋಚಿಸಬೇಕಾದದ್ದಿದೆ. ‘ಈ ಭಾರ ನನ್ನಿಂದಾಗದು’ ಎಂದು ಕಂಪನಿ ಮುಂಚೆಯೇ ಹೇಳುವುದು, ಕಂತು ಪಡೆದು ಕೊನೆಗೆ ಕೈಯೆತ್ತುವುದಕ್ಕಿಂತ ಮೇಲು. ಆದರೆ ಎಲ್ಲ ಕಂಪನಿಗಳೂ ತಮ್ಮ ಬಲ ಅಳೆದುಕೊಂಡು ಹಿಂದೆ ಸರಿದರೆ, ಅತಿ ಹೆಚ್ಚು ಆಪತ್ತಿನಲ್ಲಿರುವ ರೈತನೇ ನೆಂಟನಿಲ್ಲದೆ ಉಳಿಯುತ್ತಾನೆ. ಆತ್ಮಪರೀಕ್ಷೆ ಕಂಪನಿಯನ್ನು ಉಳಿಸುತ್ತದೆ. ಅದು ಬಿಟ್ಟುಹೋದ ಭಾರವನ್ನು ಯಾರು ಹೊರಬೇಕೆಂಬುದನ್ನು ಸಮಾಜ ತೀರ್ಮಾನಿಸಬೇಕು. ಬೀಡಿನಲ್ಲಿ ಆ ತೀರ್ಮಾನ ಬರೆದ ಒಪ್ಪಂದವಾಯಿತು, ಯಾರ ಪಾಲು ಎಷ್ಟೆಂದು ಗೊತ್ತಾಯಿತು. ಅದು ದೊಡ್ಡ ಮಾತು.

ನೀವು ಮಾಡಬೇಕಾದದ್ದು

ಓರ್ಸಾ ವರದಿಗಳು ಸಾಮಾನ್ಯವಾಗಿ ನಿಯಂತ್ರಕರ ಕೈಗೆ ಹೋಗುತ್ತವೆ, ಜನರ ಕೈಗೆ ಬರುವುದಿಲ್ಲ. ಆದರೆ ನಮ್ಮ ದೇಶದ ಪ್ರತಿ ವಿಮಾ ಕಂಪನಿಯೂ ಮೂರು ತಿಂಗಳಿಗೊಮ್ಮೆ ತನ್ನ ಲೆಕ್ಕವನ್ನು, ಸಾಲ್ವೆನ್ಸಿ ಅನುಪಾತದ ಸಮೇತ, ತನ್ನ ಜಾಲತಾಣದಲ್ಲಿ ಪ್ರಕಟಿಸಲೇಬೇಕು. ಪಾಲಿಸಿಗೆ ಸಹಿ ಹಾಕುವ ಮೊದಲು ಈ ನಾಲ್ಕನ್ನು ನೋಡಿ.

ಒಂದು, ಅನುಪಾತ 1.5ಕ್ಕಿಂತ ಎಷ್ಟು ಮೇಲಿದೆ. ಎರಡು, ಕಳೆದ ಮೂರು ನಾಲ್ಕು ವರ್ಷಗಳಲ್ಲಿ ಅದು ಏರುತ್ತಿದೆಯೋ ಇಳಿಯುತ್ತಿದೆಯೋ. ಒಂದು ದಿನದ ಅಂಕಿಗಿಂತ ಅದರ ನಡಿಗೆ ಮುಖ್ಯ. ಮೂರು, ಬಂದ ಕ್ಲೇಮುಗಳಲ್ಲಿ ಎಷ್ಟನ್ನು ತೀರಿಸಿದೆ. ಹಣವಿದ್ದೂ ಕೊಡದವನು ನೆಂಟನಲ್ಲ. ನಾಲ್ಕು, ಕಂತು ಬೇರೆಲ್ಲರಿಗಿಂತ ತೀರ ಅಗ್ಗವಾಗಿದ್ದರೆ ಸಂತೋಷಪಡುವ ಮೊದಲು ಕಾರಣ ಕೇಳಿ.

ಇನ್ನೊಂದು ಮಾತು. ಕಂಪನಿಗೆ ಕೇಳುವ ಪ್ರಶ್ನೆಯನ್ನೇ ನಿಮ್ಮ ಮನೆಗೂ ಒಮ್ಮೆ ಕೇಳಿ. ದುಡಿಯುವವರು ಆರು ತಿಂಗಳು ಮನೆಯಲ್ಲಿ ಕೂತರೆ ಸಂಸಾರ ನಡೆದೀತೆ? ಆಸ್ಪತ್ರೆಯ ಖರ್ಚು ಮತ್ತು ಮನೆಸಾಲದ ಕಂತು ಒಂದೇ ತಿಂಗಳಲ್ಲಿ ಬಂದರೆ? ಅಪ್ಪನ ಪಾಲಿಸಿಯ ಕಾಗದ ಎಲ್ಲಿದೆ, ನಾಮಿನಿಯ ಹೆಸರು ಸರಿಯಾಗಿದೆಯೆ? ಒಂದು ಭಾನುವಾರದ ಮಧ್ಯಾಹ್ನ ಎಲ್ಲರೂ ಕೂತು ಒಂದು ಹಾಳೆಯ ಮೇಲೆ ಬರೆದರೆ ಸಾಕು, ಅದೇ ನಿಮ್ಮ ಮನೆಯ ಓರ್ಸಾ.

ಗಣಿತದಲ್ಲಿ ಆಸಕ್ತಿಯಿರುವವರಿಗೆ ಇದರಲ್ಲಿ ಒಳ್ಳೆಯ ವೃತ್ತಿಯೂ ಇದೆ. 2006ರ ಆಕ್ಚುಯರಿಗಳ ಕಾಯಿದೆಯಂತೆ ನಡೆಯುತ್ತಿರುವ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ಪ್ರವೇಶ ಪರೀಕ್ಷೆ ನಡೆಸುತ್ತದೆ, ಹನ್ನೆರಡನೆಯ ತರಗತಿ ಮುಗಿಸಿದವರು ಬರೆಯಬಹುದು. ಪರೀಕ್ಷೆಗಳು ಕಠಿಣ, ವರ್ಷಗಳು ಹಿಡಿಯುತ್ತವೆ. ಆದರೆ ಮುಂದಿನ ಬರ, ಮುಂದಿನ ಪ್ರವಾಹ, ಮುಂದಿನ ಅಂಟುರೋಗದ ಲೆಕ್ಕ ಹಾಕುವವರು ನಮ್ಮ ಮಕ್ಕಳಲ್ಲಿಯೂ ಕೆಲವರಿರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದನ್ನೇ ಇಂದು ನಿರ್ದೇಶಕ ಮಂಡಳಿಗಳು ನೂರು ಪುಟದ ವರದಿಯಾಗಿ ಬರೆಯುತ್ತಿವೆ. ಹಾಸಿಗೆ ಎಷ್ಟಿದೆ ಎಂದು ಮಲಗುವ ಮೊದಲೇ ಅಳೆದುಕೊಳ್ಳಬೇಕೆಂಬುದಷ್ಟೆ ಅದರ ತಾತ್ಪರ್ಯ. ನಿಮ್ಮ ಮೊದಲ ಪಾಲಿಸಿಯ ಫಾರ್ಮು ಮುಂದೆ ಬಂದಾಗ ಈ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ. ಉತ್ತರ ಹೇಳಲು ತಡವರಿಸಿದರೆ ಪೆನ್ನನ್ನು ಜೇಬಿನಲ್ಲಿಯೇ ಇರಿಸಿಕೊಳ್ಳಿ.